ಕೈ ಯಾರದು, ಬಾಯಿ ಯಾರದು?

ಮೇ ತಿಂಗಳು ಬಂತೆಂದರೆ ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆ ನನ್ನ ಬೆನ್ನು ಹತ್ತುತ್ತದೆ. ಆ ತಿಂಗಳ ಒಂದು ಭಾನುವಾರ ‘ವಿಂಗ್ಸ್ ಫಾರ್ ಲೈಫ್ ವರ್ಲ್ಡ್ ರನ್’ ನಡೆಯುತ್ತದೆ. ಜಗತ್ತಿನ ಎಲ್ಲ ಕಡೆ ಓಟ ಒಂದೇ ಗಳಿಗೆಗೆ ಶುರು. ನಮ್ಮಲ್ಲಿ ಆಗ ಸಂಜೆ ನಾಲ್ಕೂವರೆ, ಬಿಸಿಲಿನ್ನೂ ಇಳಿದಿರುವುದಿಲ್ಲ. ಇಷ್ಟು ದೂರ ಓಡಬೇಕೆಂಬ ಕಟ್ಟಳೆಯಿಲ್ಲ. ಅರ್ಧ ಗಂಟೆ ಬಿಟ್ಟು ಹಿಂದಿನಿಂದ ಒಂದು ಕಾರು ಹೊರಡುತ್ತದೆ. ಅದು ದಾಟಿ ಹೋದಲ್ಲಿಗೆ ನಿಮ್ಮ ಓಟ ಮುಗಿಯಿತು. ಮೊಬೈಲ್ ಆ್ಯಪ್‌ನಲ್ಲೂ ಆ ಕಾರು ಅಟ್ಟಿಸಿಕೊಂಡು ಬರುವುದರಿಂದ ನಮ್ಮೂರ ಕೆರೆ ಏರಿಯ ಮೇಲೂ ಓಡಬಹುದು. ಗಾಲಿಕುರ್ಚಿಯಲ್ಲಿ ಬರುವವರೂ ಇದ್ದಾರೆ. 2014ರಲ್ಲಿ ಆರಂಭವಾದ ಈ ಓಟದ ಪ್ರವೇಶ ಶುಲ್ಕವೆಲ್ಲ ಬೆನ್ನುಹುರಿಯ ಪೆಟ್ಟಿಗೆ ಮದ್ದು ಹುಡುಕುವ ಸಂಶೋಧನೆಗೆ ಹೋಗುತ್ತದೆ.

ಬೆವರುವವರು ಒಬ್ಬರು, ಫಲ ಇನ್ನೊಬ್ಬರಿಗೆ. ಗಾದೆ ವಿಸ್ತರಣೆಯಲ್ಲಿ ನಾವೆಲ್ಲ ಬರೆದದ್ದು ಬೇರೆ: ದುಡಿದವನು ಉಣ್ಣುತ್ತಾನೆ, ಸೋಮಾರಿ ಉಪವಾಸ ಬೀಳುತ್ತಾನೆ. ಆ ಅರ್ಥವನ್ನು ಒಪ್ಪಿದರೆ ಕುತ್ತಿಗೆಯಿಂದ ಕೆಳಗೆ ಸ್ವಾಧೀನ ಕಳೆದುಕೊಂಡವನಿಗೆ ಮೊಸರು ಸಿಗುವುದೇ ಇಲ್ಲ. ಅಂಥ ಕ್ರೌರ್ಯವನ್ನು ನಮ್ಮ ಹಿರಿಯರು ಗಾದೆ ಮಾಡಿಟ್ಟಿರಲಾರರು. ಇಂದು ಕಷ್ಟಪಟ್ಟರೆ ನಾಳೆ ಸುಖ ಎಂಬ ತಾಳ್ಮೆಯ ಪಾಠ ಇದು ಎನ್ನುವವರೂ ಉಂಟು. ನಾಟಿ ಮಾಡಿದ ಆಳಿಗೆ ಆ ನಾಳೆ ಎಷ್ಟು ದಕ್ಕಿತೆಂದು ಎಲ್ಲರಿಗೂ ಗೊತ್ತು.

ನಾನು ಗಾದೆಯನ್ನು ಓದುವುದು ಹೀಗೆ: ಅದು ಕೈ ಎಂದಿತು, ಬಾಯಿ ಎಂದಿತು, ಎರಡೂ ಒಂದೇ ಮೈಯವು ಎನ್ನಲಿಲ್ಲ. ಗದ್ದೆಯಲ್ಲಿ ಸಾಲಾಗಿ ಬಗ್ಗಿದವರ ಕೈ ಇಡೀ ಊರಿನ ಹೊಟ್ಟೆಗೆ ಹಾಕುತ್ತದೆ. ತೊಟ್ಟಿಲ ಕೂಸು, ಹಾಸಿಗೆ ಹಿಡಿದ ಅಜ್ಜ ಕೆಸರು ಮುಟ್ಟದವರು. ಆದರೂ ಮನೆಯಲ್ಲಿ ಮೊದಲ ತುತ್ತು ಅವರಿಗೇ.

ದುಡಿಯುವ ಕೈ ಪೆಟ್ಟು ತಿಂದವರದೂ ಆಗಬಹುದು. ಕೆನಡಾದ ರಿಕ್ ಹ್ಯಾನ್ಸನ್ 15ರ ಹರೆಯದಲ್ಲಿ ವಾಹನ ಅಪಘಾತದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡವರು. 1985ರಲ್ಲಿ ವ್ಯಾಂಕೂವರ್‌ನಿಂದ ಗಾಲಿಕುರ್ಚಿಯಲ್ಲಿ ಹೊರಟು, 34 ದೇಶ ಹಾದು, 40,000 ಕಿ.ಮೀ. ಕ್ರಮಿಸಿ 1987ರಲ್ಲಿ ಮರಳಿದರು. ಬೆನ್ನುಹುರಿಯ ಸಂಶೋಧನೆಗೆಂದೂ ಪೆಟ್ಟಾದವರ ಬದುಕಿಗೆಂದೂ 2.6 ಕೋಟಿ ಡಾಲರ್ ಕೂಡಿತು. ಅಷ್ಟು ದೂರ ಚಕ್ರ ತಿರುಗಿಸಿದ್ದು ಅವರದೇ ಕೈ. ಗಟ್ಟಿಮುಟ್ಟಾದವರು ಕೊಡುವವರು, ಪೆಟ್ಟು ತಿಂದವರು ಪಡೆಯುವವರು ಎಂಬ ಹಂಚಿಕೆಯನ್ನೂ ಅವರು ಮುರಿದರು.

ನಮ್ಮ ದೇಶದಲ್ಲಿ ಬೆನ್ನುಹುರಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ರಸ್ತೆ ಅಪಘಾತದಿಂದ, ಎತ್ತರದಿಂದ ಬಿದ್ದು. ಎತ್ತರಕ್ಕೆ ಏರುವವರು ಯಾರು? ಮಳೆಗಾಲದಲ್ಲಿ ಜಾರುವ ಅಡಿಕೆ ಮರವೇರಿ ಬೋರ್ಡೋ ಔಷಧಿ ಹೊಡೆಯುವ ಕೊನೆಗೌಡ. ನಗರದಲ್ಲಿ ಸಾರ್ವೆಯ ಮೇಲೆ ನಿಂತ ಗಾರೆಯವನು. ಇವರ ಕೈ ಕೆಸರಾದದ್ದರಿಂದಲೇ ನಮ್ಮ ಬಾಯಿಗೆ ಮೊಸರು. ಅವರು ಬಿದ್ದಾಗ ನಾವು ಓಡಿ ಕೂಡಿಸುವ ಹಣ ದಾನವಲ್ಲ, ಹಳೆಯ ಬಾಕಿ. ಇದನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ಕಡಿಮೆ.

ಓಡುವುದೇಕೆ, ಸುಮ್ಮನೆ ದುಡ್ಡು ಕೊಟ್ಟರಾಗದೇ ಎಂದು ಕೇಳುತ್ತಾರೆ. ಕೊಡಿ, ಬೇಡವೆಂದವರಿಲ್ಲ. ಆದರೆ ಒಬ್ಬರು ಓಡಲು ನಿಂತರೆ ಅವರ ಕಚೇರಿ, ಬೀದಿ, ನೆಂಟರು ಎಲ್ಲರೂ ಜೇಬಿಗೆ ಕೈ ಹಾಕುತ್ತಾರೆ. ಆ ಹೆಸರಿನಲ್ಲಿ ಹಾಸಿಗೆ ಹಿಡಿದವರ ಮಾತು ನಾಲ್ಕು ಮನೆಯಲ್ಲಿ ಬರುತ್ತದೆ.

ಸಂಶೋಧನೆ ಬೇಕೇ ಬೇಕು. ಆದರೆ ಮೊನ್ನೆ ಬಿದ್ದವನು ಅದು ಫಲ ಕೊಡುವವರೆಗೆ ಬದುಕಿರಬೇಕಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹಾಸಿಗೆ ಹುಣ್ಣು. ಮೂತ್ರದ ನಳಿಕೆ ಚೊಕ್ಕಟವಿರದಿದ್ದರೆ ಸೋಂಕು, ಅದು ಮೂತ್ರಪಿಂಡಕ್ಕೂ ಏರುತ್ತದೆ. ಸರಿಯಾದ ದಿಂಬು, ಅಳತೆಗೆ ಹೊಂದುವ ಗಾಲಿಕುರ್ಚಿ, ಹೊಸ್ತಿಲಿಗೊಂದು ಇಳಿಜಾರು, ಆರೈಕೆ ಕಲಿತ ಮನೆಮಂದಿ: ಜೀವ ಉಳಿಸುವುದು ಇವು. 1959ರಲ್ಲಿ ಎನ್.ಎಸ್. ಹೇಮಾ ಅವರು ಬೆಂಗಳೂರಿನಲ್ಲಿ ಕಟ್ಟಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಸಂಸ್ಥೆ ಬೆನ್ನುಹುರಿ ಪೆಟ್ಟಾದವರಿಗೆ ಇಂಥ ಪುನಶ್ಚೇತನ ಕೊಡುತ್ತಿದೆ. ಅಂಥ ಸಂಸ್ಥೆ ತಾಲ್ಲೂಕಿಗೊಂದಾದರೂ ಬೇಕು.

ಓಟ ನಡೆಸುವವರು ಟೀಶರ್ಟು, ಪದಕಕ್ಕೆಷ್ಟು, ಪೆಟ್ಟಾದವರಿಗೆಷ್ಟು ಎಂದು ಲೆಕ್ಕ ತೋರಿಸಲಿ. ಓಡುವವರು ಹೆಸರು ಕೊಡುವ ಮೊದಲು ಅದನ್ನು ಕೇಳಲಿ. ಅಡಿಕೆ ಸೀಮೆಯ ಊರುಗಳು ಮುಂಗಾರಿಗೆ ಮೊದಲೇ ತಮ್ಮದೇ ಒಂದು ಓಟ ಇಟ್ಟು, ಕೂಡಿದ ಹಣವನ್ನು ಮರದಿಂದ ಬಿದ್ದವರ ಮನೆಗೆ ಮುಟ್ಟಿಸಲಿ. ಆ ಓಟದ ಮುಂದಿನ ಸಾಲಿನಲ್ಲಿ ತೋಟದ ಯಜಮಾನರು ಇರಲಿ.