ಹಂಗು ಕಳೆದು ನಂಟಾಗಲಿ



ಸಂತ ಯೊವಾನ್ನರ ಹೆಸರಿನಲ್ಲಿ ಬೈಬಲಿನಲ್ಲಿರುವ ಎರಡನೆಯ ಮತ್ತು ಮೂರನೆಯ ಪತ್ರಗಳು ಬಹಳ ಚಿಕ್ಕವು. ಒಂದೊಂದೂ ಒಂದು ಪುಟ ದಾಟುವುದಿಲ್ಲ. ಎರಡರ ಕೊನೆಯಲ್ಲೂ ಒಂದೇ ಆಶಯ ಕಾಣುತ್ತದೆ. ಹೇಳುವುದು ಇನ್ನೂ ಇದೆಯೆಂದೂ, ಅದನ್ನು ಕಾಗದಕ್ಕೆ ಬಿಡದೆ ತಾವೇ ಬಂದು ಮುಖ ನೋಡಿ ಮಾತನಾಡುವುದಾಗಿಯೂ ಆ ಹಿರಿಯರು ತಿಳಿಸುತ್ತಾರೆ. ದೂರದಲ್ಲಿರುವವರನ್ನು ಪ್ರೀತಿಸುವವರಿಗೆಲ್ಲ ಈ ತವಕ ಗೊತ್ತು. ಪತ್ರ ಒಳ್ಳೆಯದೇ, ಆದರೆ ಅದು ಮುಖವಲ್ಲ.

ಈ ವಾರ ಇಂಥದೇ ಒಂದು ಭೇಟಿಯ ಕುರಿತು ಧ್ಯಾನಿಸೋಣ. ಪರದೇಶದ ಒಬ್ಬರು ತಿಂಗಳು ತಿಂಗಳು ಹಣ ಕಳುಹಿಸಿ ನಮ್ಮ ದೇಶದ ಒಂದು ಮಗುವಿನ ಓದು, ಊಟ, ಔಷಧಿಗೆ ನೆರವಾಗುತ್ತಾರೆ. ವರ್ಷಕ್ಕೊಂದು ಫೋಟೋ, ಕ್ರಿಸ್ಮಸ್ಸಿಗೊಂದು ಪತ್ರ. ಹೀಗೆ ವರ್ಷಗಳು ಉರುಳಿದ ಮೇಲೆ ಒಂದು ದಿನ ಅವರು ಆ ಮಗುವನ್ನು ನೋಡಲು ಬರುತ್ತಾರೆ. ಆಗ ಏನಾಗುತ್ತದೆ? ಏನಾಗಬೇಕು?

ಭೇಟಿಯಿಂದಲೇ ಹುಟ್ಟಿದ್ದು

ಈ ಪದ್ಧತಿ ಹುಟ್ಟಿದ್ದೇ ಮುಖಾಮುಖಿ ಭೇಟಿಯಿಂದ ಎಂಬುದನ್ನು ನಾವು ಮರೆಯುತ್ತೇವೆ. 1937ರಲ್ಲಿ ಸ್ಪೇನ್ ದೇಶದಲ್ಲಿ ಅಂತರ್ಯುದ್ಧ ನಡೆದಿತ್ತು. ಜಾನ್ ಲ್ಯಾಂಗ್‌ಡನ್-ಡೇವಿಸ್ ಎಂಬ ಇಂಗ್ಲಿಷ್ ಪತ್ರಕರ್ತರಿಗೆ ಅಲ್ಲಿ ಒಬ್ಬ ಪುಟ್ಟ ಹುಡುಗ ಸಿಕ್ಕಿದ. ಅವನ ಬಳಿ ತಂದೆ ಬರೆದ ಒಂದು ಚೀಟಿ ಇತ್ತು. ತನ್ನ ಊರು ಶತ್ರುವಶವಾದರೆ ತನ್ನನ್ನು ಕೊಲ್ಲುವುದು ಖಚಿತ, ಮಗನನ್ನು ಕಂಡವರು ದಯವಿಟ್ಟು ನೋಡಿಕೊಳ್ಳಬೇಕು ಎಂಬುದು ಅದರ ಸಾರ. ಇಂದು ಪ್ಲಾನ್ ಇಂಟರ್‌ನ್ಯಾಷನಲ್ ಎಂದು ಹೆಸರಾಗಿರುವ ಸಂಸ್ಥೆ ತನ್ನ ಹುಟ್ಟಿನ ಕಥೆಯನ್ನು ಹೀಗೆ ಹೇಳುತ್ತದೆ. ಹತ್ತು ವರ್ಷಗಳ ನಂತರ, 1947ರಲ್ಲಿ, ಚೀನಾದಲ್ಲಿ ಬಾಬ್ ಪಿಯರ್ಸ್ ಎಂಬ ಬೋಧಕರ ಮುಂದೆ ಒಬ್ಬ ಶಿಕ್ಷಕಿ, ಮನೆಯಿಂದ ಹೊರದೂಡಲ್ಪಟ್ಟ ಹುಡುಗಿಯೊಬ್ಬಳನ್ನು ತಂದು ನಿಲ್ಲಿಸಿ, ಈಗ ಏನು ಮಾಡುತ್ತೀರಿ ಎಂದು ಕೇಳಿದರಂತೆ. ಅವರು ಜೇಬಿನಲ್ಲಿದ್ದ ಐದು ಡಾಲರ್ ಕೊಟ್ಟು, ಪ್ರತಿ ತಿಂಗಳೂ ಅಷ್ಟೇ ಕಳುಹಿಸುವುದಾಗಿ ಮಾತು ಕೊಟ್ಟರು. 1950ರಲ್ಲಿ ವರ್ಲ್ಡ್ ವಿಷನ್ ಸಂಸ್ಥೆ ಅವರಿಂದಲೇ ಆರಂಭವಾಯಿತು.

ನೋಡಿ, ಎರಡೂ ಕಡೆ ಮೊದಲು ಬಂದದ್ದು ಮುಖ. ರಶೀದಿ, ಕಡತ, ಫೋಟೋ ಎಲ್ಲ ಆಮೇಲೆ ಬಂದವು.

ನಮ್ಮ ಜಿಲ್ಲೆಗೂ ಈ ನಂಟು ಹೊಸದಲ್ಲ. ಕಾರವಾರದಿಂದ ಅಂಕೋಲಾಕ್ಕೆ ಹೋಗಿ, ಅರಬೈಲು ಘಟ್ಟ ಹತ್ತಿ, ಯಲ್ಲಾಪುರ ದಾಟಿ ಹೋದರೆ ಮುಂಡಗೋಡ ಸಿಗುತ್ತದೆ. ಅಲ್ಲಿ 1966ರಲ್ಲಿ ಟಿಬೆಟಿನ ನಿರಾಶ್ರಿತರಿಗಾಗಿ ಕಾಲೊನಿ ಸ್ಥಾಪನೆಯಾಯಿತು. ತಾಯ್ನಾಡು ಬಿಟ್ಟು ಬಂದವರ ಎಷ್ಟೋ ಮಕ್ಕಳು, ಎಷ್ಟೋ ಎಳೆಯ ಸನ್ಯಾಸಿಗಳು ಯುರೋಪು, ಅಮೆರಿಕಗಳ ಅಪರಿಚಿತರ ನೆರವಿನಿಂದ ಓದಿದ್ದಾರೆ. ಆ ಅಪರಿಚಿತರು ತಾವು ಸಲಹಿದ ಮಗುವನ್ನು ನೋಡಬೇಕೆಂದು ಬಂದು ಅಲ್ಲಿ ತಂಗುವುದಾದರೆ ವಿಮಾನದ ಟಿಕೆಟ್ ಒಂದೇ ಸಾಲದು. ದೆಹಲಿಯ ಗೃಹ ಸಚಿವಾಲಯಕ್ಕೆ ಮೊದಲೇ ಅರ್ಜಿ ಹಾಕಿ, ವಿಶೇಷ ಪರವಾನಗಿ ಪಡೆದಿರಬೇಕು. ಒಂದು ಮುಖವನ್ನು ನೋಡಲು ಇಷ್ಟೆಲ್ಲ ಕಷ್ಟಪಡುವವರಿದ್ದಾರೆ!

ಇಂಥ ನೆರವಿನಿಂದ ಫಲವಿದೆಯೇ ಎಂದು ಕೆಲವರು ಕೇಳುತ್ತಾರೆ. ಬ್ರೂಸ್ ವೈಡಿಕ್ ಮತ್ತು ಸಂಗಡಿಗರು ಭಾರತವೂ ಸೇರಿ ಆರು ದೇಶಗಳಲ್ಲಿ 10,144 ಜನರ ವಿವರ ಸಂಗ್ರಹಿಸಿ, 2013ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಕಂಪ್ಯಾಷನ್ ಎಂಬ ಸಂಸ್ಥೆಯ ಮೂಲಕ ನೆರವು ಪಡೆದ ಮಕ್ಕಳು ಉಳಿದವರಿಗಿಂತ ಒಂದರಿಂದ ಒಂದೂವರೆ ವರ್ಷದಷ್ಟು ಹೆಚ್ಚು ಶಾಲೆ ಕಲಿತಿದ್ದರು. ಬಡ ಮನೆಯ ಹುಡುಗಿಗೆ ಒಂದು ವರ್ಷ ಹೆಚ್ಚು ಶಾಲೆ ಎಂದರೇನೆಂದು ನಮ್ಮ ತಾಯಂದಿರಿಗೆ ಹೇಳಿಕೊಡಬೇಕಾಗಿಲ್ಲ. ಹಣ ತನ್ನ ಕೆಲಸ ಮಾಡುತ್ತದೆ. ಹಣ ಮಾಡಲಾಗದ ಕೆಲಸ ಯಾವುದು ಎಂಬುದೇ ನಮ್ಮ ಪ್ರಶ್ನೆ.

ಮಾವಿನಹಣ್ಣು ಕೊಯ್ದಾಗ

ಒಂದು ಭೇಟಿಯನ್ನು ಮನಸ್ಸಿನಲ್ಲೇ ಚಿತ್ರಿಸಿಕೊಳ್ಳಿ. ಮೇ ತಿಂಗಳು. ಜರ್ಮನಿಯ ವೃದ್ಧ ದಂಪತಿ ಅಂಕೋಲಾ ರೈಲು ನಿಲ್ದಾಣದಲ್ಲಿ ಇಳಿದು, ಸಂಸ್ಥೆಯ ಕಾರ್ಯಕರ್ತೆಯೊಡನೆ ಗಂಗಾವಳಿ ನದಿಯ ದಂಡೆಯ ಒಂದು ಮನೆಗೆ ಬರುತ್ತಾರೆ. ಅವರ ಕೈಯಲ್ಲಿ ಒಂದು ಬೊಂಬೆ. ಏಕೆಂದರೆ ಅವರ ಅಡುಗೆಮನೆಯ ಗೋಡೆಯ ಮೇಲಿರುವ ಫೋಟೋದಲ್ಲಿ ಆ ಹುಡುಗಿಗೆ ಇನ್ನೂ ಆರು ವರ್ಷ. ಎದುರಿಗೆ ನಿಂತವಳು ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿ!

ತಾಯಿ ನೆರೆಮನೆಯಿಂದ ಎರಡು ಕುರ್ಚಿ ತಂದಿದ್ದಾಳೆ, ಅಂಗಡಿಯಿಂದ ತಂಪು ಪಾನೀಯ ಸಾಲ ತಂದಿದ್ದಾಳೆ. ತಂದೆ ಹೊರಗೆ ಬಲೆ ಸರಿಮಾಡುತ್ತಾ ಕುಳಿತಿದ್ದಾನೆ, ಒಳಗೆ ಬರಲು ಅವನಿಗೆ ಸಂಕೋಚ. ತನ್ನ ಮಗಳಿಗೆ ತಾನು ಕೊಡಲಾಗದ್ದನ್ನು ಕೊಟ್ಟವರು ಒಳಗೆ ಕುಳಿತಿದ್ದಾರಲ್ಲ! ಹುಡುಗಿ ಬಾಯಿಪಾಠ ಮಾಡಿದ ನಾಲ್ಕು ಇಂಗ್ಲಿಷ್ ವಾಕ್ಯಗಳಲ್ಲಿ ಕೃತಜ್ಞತೆ ಒಪ್ಪಿಸುತ್ತಾಳೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಮೌನ. ಯಾರಿಗೂ ಏನು ಮಾತನಾಡಬೇಕೆಂದು ತೋಚುವುದಿಲ್ಲ.

ಆಗ ತಾಯಿ ಅಂಕೋಲೆಯ ಕರಿ ಈಶಾಡು ಮಾವಿನಹಣ್ಣನ್ನು ಬುಟ್ಟಿಯಿಂದ ತೆಗೆದು ಮುಂದಿಡುತ್ತಾಳೆ. 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ, ನಮ್ಮ ನೆಲದ ಹೆಮ್ಮೆಯ ಹಣ್ಣು ಅದು. ಅತಿಥಿಗೆ ತಿನ್ನುವ ಬಗೆ ತಿಳಿಯದು, ರಸ ಮೊಣಕೈವರೆಗೆ ಇಳಿಯುತ್ತದೆ. ಹುಡುಗಿ ನಕ್ಕುಬಿಡುತ್ತಾಳೆ, ಹೇಗೆ ತಿನ್ನಬೇಕೆಂದು ತೋರಿಸಿಕೊಡುತ್ತಾಳೆ. ಹೊರಗಿದ್ದ ತಂದೆಯೂ ಒಳಗೆ ಬರುತ್ತಾನೆ. ಈ ಮರ ನೆಟ್ಟದ್ದು ನನ್ನ ಅಜ್ಜ ಎನ್ನುತ್ತಾನೆ.

ಪ್ರಿಯರೇ, ನಿಜವಾದ ಭೇಟಿ ಶುರುವಾದದ್ದು ಈ ಗಳಿಗೆಯಲ್ಲಿ. ಅಲ್ಲಿಯತನಕ ಒಂದು ಕಡೆ ಕೊಡುವವರು, ಇನ್ನೊಂದು ಕಡೆ ಪಡೆಯುವವರು ಇದ್ದರು. ಈಗ ಪಡೆದವರು ಕೊಟ್ಟರು, ಕೊಟ್ಟವರು ಕೈಯೊಡ್ಡಿದರು. ಹಂಗು ಕಳೆದು ನಂಟಾಯಿತು.

ಯೇಸು ಏಕೆ ನಿಂತರು?

ಗುಟ್ಟಾಗಿ ದಾನ ಮಾಡಬೇಕೆಂದು, ಬಲಗೈಯ ಕೆಲಸ ಎಡಗೈಗೂ ತಿಳಿಯಬಾರದೆಂದು ಪ್ರಭು ಕಲಿಸಲಿಲ್ಲವೇ? ಹಾಗಿದ್ದರೆ ನೆರವು ಪಡೆದ ಮಗುವನ್ನು ಹುಡುಕಿಕೊಂಡು ಹೋಗುವುದು ಸರಿಯೇ? ಸಂದೇಹ ಸಹಜ. ಆದರೆ ಪ್ರಭು ನಿಷೇಧಿಸಿದ್ದು ನೋಡುಗರ ಮೆಚ್ಚುಗೆಗಾಗಿ ಕೊಡುವುದನ್ನು. ಕೈಯೊಡ್ಡಿದವರ ಮುಖವನ್ನೇ ನೋಡಬಾರದೆಂದು ಅವರು ಎಂದೂ ಹೇಳಲಿಲ್ಲ.

ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯವನ್ನು ತೆರೆಯಿರಿ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಮಹಿಳೆ ಜನಜಂಗುಳಿಯಲ್ಲಿ ಹಿಂದಿನಿಂದ ಬಂದು ಯೇಸುವಿನ ಉಡುಪನ್ನು ಮುಟ್ಟುತ್ತಾಳೆ. ಗುಣವೂ ಆಗುತ್ತದೆ. ಹೆಸರಿಲ್ಲದ ನೆರವು, ಹೆಸರಿಲ್ಲದ ಸ್ವೀಕಾರ. ಕೆಲಸ ಮುಗಿಯಿತಲ್ಲ? ಇಲ್ಲ. ಯೇಸು ನಿಲ್ಲುತ್ತಾರೆ. ತಮ್ಮನ್ನು ಮುಟ್ಟಿದವರು ಯಾರೆಂದು ಸುತ್ತಲೂ ನೋಡುತ್ತಾರೆ. ಶಿಷ್ಯರಿಗೆ ಇದು ವ್ಯರ್ಥ ಕಾಲಹರಣವೆನಿಸುತ್ತದೆ. ಅವಳು ನಡುಗುತ್ತಾ ಮುಂದೆ ಬರುತ್ತಾಳೆ.

ಆಗ ಯೇಸು ಮಾಡಿದ ಎರಡು ಕೆಲಸಗಳನ್ನು ಗಮನಿಸಿ. ಮೊದಲನೆಯದಾಗಿ, ಅವಳನ್ನು ಮಗಳೇ ಎಂದು ಕರೆದರು. ಎರಡನೆಯದಾಗಿ, ಅವಳನ್ನು ಗುಣಪಡಿಸಿದ್ದು ಅವಳದೇ ವಿಶ್ವಾಸವೆಂದು ಹೇಳಿದರು. ತಮ್ಮಿಂದ ಹೊರಟ ಶಕ್ತಿಯ ಲೆಕ್ಕ ಹೇಳಲಿಲ್ಲ, ಕೀರ್ತಿಯನ್ನು ಅವಳಿಗೇ ಕೊಟ್ಟರು. ನಡುಗುತ್ತಾ ಬಂದವಳು ತಲೆಯೆತ್ತಿ ಹೋದಳು. ನೆರವು ಕೊಟ್ಟವರು ನೆರವು ಪಡೆದವರನ್ನು ಭೇಟಿಯಾಗುವ ರೀತಿ ಇದು. ಇದಕ್ಕಿಂತ ಹೆಚ್ಚಿನ ಪಾಠ ನನಗೆ ಗೊತ್ತಿಲ್ಲ.

ಕೊಟ್ಟವರ ಅಪಾಯ

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಅರಿಸ್ಟಾಟಲನ ಒಂದು ವಿಚಾರ ನಮ್ಮನ್ನು ಚಕಿತಗೊಳಿಸುತ್ತಿತ್ತು. ಉಪಕಾರ ಪಡೆದವನು ಉಪಕಾರ ಮಾಡಿದವನನ್ನು ಪ್ರೀತಿಸುವುದಕ್ಕಿಂತ, ಉಪಕಾರ ಮಾಡಿದವನೇ ಪಡೆದವನನ್ನು ಹೆಚ್ಚು ಪ್ರೀತಿಸುತ್ತಾನೆ ಎಂದು ಅವನು ನೀತಿಶಾಸ್ತ್ರದಲ್ಲಿ ಹೇಳುತ್ತಾನೆ. ಕಾರಣ? ಶಿಲ್ಪಿಗೆ ತಾನು ಕಡೆದ ಮೂರ್ತಿಯ ಮೇಲೆ ಮೋಹವಿರುವಂತೆ, ಉಪಕಾರಿಗೂ ತನ್ನ ಕೃತಿಯ ಮೇಲೆ ಮೋಹ. ಸಂತ ಥಾಮಸ್ ಅಕ್ವಿನಾಸರೂ ಪ್ರೀತಿಯ ಕ್ರಮವನ್ನು ಕುರಿತು ಬರೆಯುವಾಗ ಈ ಪ್ರಶ್ನೆಯನ್ನು ಎತ್ತಿಕೊಳ್ಳುತ್ತಾರೆ.

ಇದರಲ್ಲಿ ಸಮಾಧಾನವೂ ಇದೆ, ಎಚ್ಚರಿಕೆಯೂ ಇದೆ. ಸಮಾಧಾನವೇನೆಂದರೆ, ದೂರದಿಂದ ಬಂದವರ ಕಣ್ಣೀರು ನಿಜವಾದದ್ದು. ಎಚ್ಚರಿಕೆಯೇನೆಂದರೆ, ಮಗು ಯಾರ ಕೃತಿಯೂ ಅಲ್ಲ. ನಾನು ಓದಿಸಿದ ಹುಡುಗಿ ನರ್ಸ್ ಆಗಬೇಕಿತ್ತು, ಟೈಲರಿಂಗ್ ಏಕೆ ಕಲಿತಳು ಎಂದು ಕೊಟ್ಟವರು ಬೇಸರಿಸಿದರೆ, ಅವರು ಪ್ರೀತಿಸಿದ್ದು ಹುಡುಗಿಯನ್ನಲ್ಲ, ತಮ್ಮ ಮೂರ್ತಿಯನ್ನು. ಮಗುವನ್ನು ರೂಪಿಸುವಾತ ದೇವರು. ಅದು ದೇವರ ಪ್ರತಿರೂಪವೇ ಹೊರತು ದಾನಿಯ ಪ್ರತಿರೂಪವಲ್ಲ.

ನಮ್ಮ ಭಾಷೆಯ ಒಂದು ಶಬ್ದವನ್ನೇ ನೋಡಿ. ಶಾಲೆಯ ಪೋಷಕರ ಸಭೆಗೆ ಹೋಗುವವರು ತಂದೆತಾಯಿ. ಸಂಘದ ಮಹಾಪೋಷಕರೆಂದು ಹಲಗೆಯ ಮೇಲೆ ಹೆಸರು ಬರೆಸಿಕೊಳ್ಳುವವರು ದೇಣಿಗೆ ಕೊಟ್ಟವರು. ಇಬ್ಬರಿಗೂ ಒಂದೇ ಪದ! ಹೀಗಾಗಿ ಪರದೇಶದ ಪೋಷಕರು ಬಂದಾಗ ಮನೆಯ ಪೋಷಕರು ಬಾಗಿಲ ಹಿಂದೆ ಸರಿಯುವ ಅಪಾಯವಿದೆ. ಇಲ್ಲಿ ನಮಗೆ ಸಂತ ಜೋಸೆಫರು ದಾರಿ ತೋರುತ್ತಾರೆ. ಅವರು ದುಡಿದು ಸಲಹಿದರು, ಅಪಾಯದಲ್ಲಿ ಈಜಿಪ್ಟಿಗೆ ಕರೆದೊಯ್ದು ಕಾಪಾಡಿದರು. ಆದರೂ ಅವರು ಆಡಿದ ಒಂದೇ ಒಂದು ಮಾತು ಶುಭಸಂದೇಶಗಳಲ್ಲಿ ದಾಖಲಾಗಿಲ್ಲ. ಸಲಹುವವರ ದೊಡ್ಡತನ ಆ ಮೌನದಲ್ಲಿದೆ.

ಇನ್ನೊಂದು ಮುಖವನ್ನೂ ಮರೆಯಬಾರದು. ಅಕ್ಕನಿಗೆ ಬೊಂಬೆ ಬಂತು, ತಮ್ಮನಿಗೆ? ಪಕ್ಕದ ಮನೆಯ ಮಗುವಿಗೆ? ಬೇಲಿಯಾಚೆ ನಿಂತು ನೋಡುವ ಮಗುವೂ ದೇವರದೇ. ಇದನ್ನರಿತೇ ಹಲವು ಸಂಸ್ಥೆಗಳು ಹಣವನ್ನು ಒಂದೇ ಮಗುವಿನ ಕೈಗೆ ಕೊಡದೆ ಇಡೀ ಊರಿನ ಶಾಲೆ, ನೀರು, ಆರೋಗ್ಯಕ್ಕೆ ಬಳಸುತ್ತವೆ. ಸಂತ ಪೌಲರು ಮಕೆದೋನಿಯ, ಕೊರಿಂಥಗಳ ಸಭೆಗಳಿಂದ ಜೆರುಸಲೇಮಿನ ಬಡವರಿಗಾಗಿ ಹಣ ಕೂಡಿಸಿದಾಗ, ಅವರ ಗುರಿ ಸಮಾನತೆಯಾಗಿತ್ತು. ಇಂದು ನಿಮ್ಮಲ್ಲಿರುವುದು ಅವರ ಕೊರತೆಗೆ, ನಾಳೆ ಅವರಲ್ಲಿರುವುದು ನಿಮ್ಮ ಕೊರತೆಗೆ ಎಂಬ ಲೆಕ್ಕ ಅವರದು. ಆ ಹಣವನ್ನು ಬೇರೆಯವರ ಕೈಯಲ್ಲಿ ಕಳುಹಿಸಿ ಸುಮ್ಮನಾಗದೆ, ತಾವೇ ಹೊತ್ತು ಜೆರುಸಲೇಮಿಗೆ ಹೋದರು.

ಮನೆಗೆ ಅತಿಥಿ ಬಂದರೆ

ನಮ್ಮ ಮನೆಗೋ ಊರಿಗೋ ಇಂಥ ಅತಿಥಿ ಬಂದರೆ ಏನು ಮಾಡಬೇಕು? ಭೇಟಿ ಯಾವಾಗಲೂ ಸಂಸ್ಥೆಯ ಮೂಲಕವೇ, ಹಿರಿಯರ ಎದುರಿನಲ್ಲೇ ಆಗಲಿ. ಮಗುವನ್ನು ಯಾರೊಂದಿಗೂ ಒಂಟಿಯಾಗಿ ಕಳುಹಿಸುವುದು ಬೇಡ. ಇದು ಅಪನಂಬಿಕೆಯಲ್ಲ, ಮಗುವಿನ ರಕ್ಷಣೆ. ಒಳ್ಳೆಯ ಅತಿಥಿ ಇದನ್ನು ಸಂತೋಷದಿಂದ ಒಪ್ಪುತ್ತಾರೆ. ಕಾಲಿಗೆ ಬೀಳಿಸುವುದು, ವೇದಿಕೆ ಹತ್ತಿಸಿ ಭಾಷಣ ಹೇಳಿಸುವುದು ಬೇಡ. ಮಗು ನಾಚಿ ತಾಯಿಯ ಸೆರಗು ಹಿಡಿದರೆ ಹಿಡಿಯಲಿ. ತಂದೆತಾಯಿ ಮೊದಲು ಕುಳಿತುಕೊಳ್ಳಲಿ, ಮೊದಲು ಮಾತನಾಡಲಿ. ಮನೆಯಲ್ಲಿರುವುದನ್ನೇ ಕೊಡಿ, ಸಾಲ ಮಾಡಬೇಡಿ. ಗಂಜಿ, ಮೀನು, ಹಲಸಿನ ಹಪ್ಪಳ ಇದ್ದರೆ ಸಾಕು. ಬಂದವರೂ ತಾವು ನಡೆಸಲಾಗದ ಮಾತನ್ನು ಮಗುವಿಗೆ ಕೊಡದಿರಲಿ.

ಈ ಭೇಟಿ ಎಲ್ಲರಿಗೂ ಸಿಗುವುದಿಲ್ಲ. ವಿದೇಶಿ ಹಣದ ಕುರಿತ ಸರಕಾರದ ನಿಯಮ ಬಿಗಿಯಾದ ಮೇಲೆ ಕಂಪ್ಯಾಷನ್ ಸಂಸ್ಥೆ 2017ರ ಮಾರ್ಚಿನಲ್ಲಿ ಭಾರತದ ಕೆಲಸ ನಿಲ್ಲಿಸಿತು. ಆಗ ಅದರ ನೆರವಿನಲ್ಲಿ 1,40,000ಕ್ಕೂ ಹೆಚ್ಚು ಮಕ್ಕಳಿದ್ದರು. ಎಷ್ಟೋ ಪತ್ರಗಳು ಉತ್ತರವಿಲ್ಲದೆ ನಿಂತುಹೋದವು. ಮುಂದಿನ ವರ್ಷ ನೋಡೋಣ ಎಂದುಕೊಂಡವರಿಗೆ ಮುಂದಿನ ವರ್ಷ ಬರಲೇ ಇಲ್ಲ.

ಈಗ ನಮ್ಮ ಸರದಿ. ಒಂದು ಕಾಲಕ್ಕೆ ಪಡೆಯುವವರಾಗಿದ್ದ ನಮ್ಮ ಕರಾವಳಿಯ ಮನೆಗಳಿಂದ ಮಕ್ಕಳು ದುಬೈ, ಕುವೈತ್‌ಗಳಿಗೆ ದುಡಿಯಲು ಹೋಗಿದ್ದಾರೆ. ಅಲ್ಲಿಂದ ಯಾವುದೋ ಬಡ ಮಗುವಿನ ಫೀಸಿಗೆಂದು ಹಣ ಕಳುಹಿಸುವವರೂ ಇದ್ದಾರೆ. ದೇವರು ಅವರನ್ನು ಹರಸಲಿ. ಅವರಿಗೆ ನನ್ನದೊಂದೇ ಕೋರಿಕೆ: ರಜೆಗೆ ಬಂದಾಗ ಆ ಮಗುವಿನ ಮನೆಗೆ ಹೋಗಿ. ಕಾರವಾರದ ಪೇಟೆಯಿಂದ ಆ ಮನೆ ಬಹಳ ದೂರವಿರಲಾರದು, ದೆಹಲಿಯ ಪರವಾನಗಿಯೂ ಬೇಕಿಲ್ಲ. ಅಂಗಳದಲ್ಲಿ ಕುಳಿತು, ಅವರು ಕೊಟ್ಟ ಚಹಾ ಕುಡಿದು, ಮಗುವಿನ ಹೆಸರು ಹಿಡಿದು ಕರೆಯಿರಿ. ಹಣದ ಮಾತು ಎತ್ತಬೇಡಿ.

ಇಂದು ರಾತ್ರಿ ಜಪಸರ ಮುಗಿದ ಮೇಲೆ ಮನೆಮಂದಿಯೆಲ್ಲ ಒಂದು ನಿಮಿಷ ಸುಮ್ಮನಿದ್ದು ಯೋಚಿಸಿ: ನಾವು ಕೊಟ್ಟದ್ದು ಯಾರಿಗೆ ಸೇರಿತು? ಅವರ ಮುಖ ನಮಗೆ ಗೊತ್ತಿದೆಯೇ? ನಮಗೆ ಕೊಟ್ಟವರು ಯಾರು? ಅವರಿಗಾಗಿ ಪ್ರಾರ್ಥಿಸಿದ್ದೇವೆಯೇ? ಪರಲೋಕದಿಂದ ದಾನವನ್ನಷ್ಟೇ ಕಳುಹಿಸದೆ ತನ್ನ ಪುತ್ರನನ್ನೇ ನಮ್ಮ ನಡುವೆ ಕಳುಹಿಸಿದ ಪಿತದೇವರು, ಒಬ್ಬರ ಮುಖದಲ್ಲಿ ಒಬ್ಬರು ಆ ಪುತ್ರನನ್ನು ಕಾಣುವ ಕಣ್ಣನ್ನು ನಮಗೆ ಕೊಡಲಿ. ಆಮೆನ್.