ರೋಗಿಯ ಕಾಶಿಯಾತ್ರೆ ಯಾರಿಗಾಗಿ?

ಕಾಶಿಯಲ್ಲಿ ಸತ್ತವರಿಗೆ ಮುಕ್ತಿ ಎಂಬ ನಂಬಿಕೆ ಎಷ್ಟು ಗಟ್ಟಿಯೆಂದರೆ, ಕೊನೆಯ ದಿನಗಳನ್ನು ಕಳೆಯಲು ಬರುವವರಿಗೆಂದೇ ಅಲ್ಲಿ ಮುಕ್ತಿಭವನದಂಥ ವಸತಿಗಳಿವೆ. ಆದರೆ ಗಂಭೀರ ಕಾಯಿಲೆಯ ಬಂಧುವನ್ನು ಸಾಯಲೆಂದಲ್ಲ, ನಾಲ್ಕು ದಿನ ಊರು ನೋಡಿ ಹಗುರಾಗಲೆಂದು ಕರೆದೊಯ್ಯುವ ಕುಟುಂಬದ ಮುಂದೆ ಈ ಪ್ರಯಾಣ ಯಾರಿಗಾಗಿ ಎಂಬ ಪ್ರಶ್ನೆ ನಿಲ್ಲುತ್ತದೆ. ಯಾತ್ರೆಯ ಫಲವನ್ನು ದೇಹ ಪಟ್ಟ ಶ್ರಮದಿಂದ ಅಳೆಯುವ ರೂಢಿಯುಂಟು. ಸ್ಕಂದಪುರಾಣದ ಕಾಶೀಖಂಡವಾದರೋ, ಆ ಕ್ಷೇತ್ರವನ್ನು ಹೊಗಳುವ ಗ್ರಂಥವೇ ಆಗಿದ್ದರೂ, ಸತ್ಯ, ಕ್ಷಮೆ, ದಯೆ ಮೊದಲಾದ ಗುಣಗಳನ್ನು ಮಾನಸತೀರ್ಥಗಳೆಂದು, ಅಂದರೆ ಮನಸ್ಸಿನೊಳಗೇ ಮೀಯಬೇಕಾದ ಪುಣ್ಯಜಲಗಳೆಂದು ಎಣಿಸುತ್ತದೆ. ಇದನ್ನು ಒಪ್ಪಿದರೆ, ಘಾಟುಗಳ ಕಡಿದಾದ ಮೆಟ್ಟಿಲುಗಳನ್ನು ರೋಗಿ ಇಳಿಯಲೇಬೇಕಿಲ್ಲ. ಅಸ್ಸಿ ಘಾಟಿನ ಮೇಲ್ಭಾಗದಲ್ಲಿ ಬೆಳಗಿನ ಗಾಳಿಗೆ ಕುಳಿತು, ಆಯಾಸವಾದೊಡನೆ ಕೋಣೆಗೆ ಮರಳುವುದೂ ಯಾತ್ರೆಯೇ ಆಗುತ್ತದೆ. ವಿಶ್ವನಾಥನ ದರ್ಶನಕ್ಕೂ ಇದೇ ಎಚ್ಚರ ಬೇಕು: 2021ರ ಡಿಸೆಂಬರಿನಲ್ಲಿ ಉದ್ಘಾಟನೆಯಾದ ವಿಶ್ವನಾಥ ಧಾಮವೆಂಬ ವಿಶಾಲ ಆವರಣವು ದೇಗುಲದ ಸುತ್ತಲಿನ ಇಕ್ಕಟ್ಟನ್ನು ಸಡಿಲಿಸಿತೇ ಹೊರತು ಜನಸಂದಣಿಯನ್ನಲ್ಲ. ವೈದ್ಯರ ಒಪ್ಪಿಗೆ, ಔಷಧದ ಚೀಲ, ಹತ್ತಿರದ ಆಸ್ಪತ್ರೆಯ ವಿಚಾರಣೆ ಇವೆಲ್ಲ ಭಕ್ತಿಗೆ ಹೊರಗಿನವೇನಲ್ಲ. ಇವಕ್ಕಿಂತ ಕಷ್ಟದ್ದು, ರೋಗಿ ಸಾಕೆಂದಾಗ ಅದನ್ನು ಕಿವಿಗೆ ಹಾಕಿಕೊಳ್ಳುವುದು: ಗಂಗಾಸ್ನಾನ ಮಾಡಿಸಿಯೇ ತೀರುವೆನೆಂದು ಹಟ ಹಿಡಿಯುವ ಮಗ ಬಹುಶಃ ತಾಯಿಯ ಪುಣ್ಯಕ್ಕಿಂತ ತನ್ನ ಸಮಾಧಾನವನ್ನೇ ಅರಸುತ್ತಿರುತ್ತಾನೆ, ಹಾಗೆಂದು ಅದನ್ನು ಪೂರ್ತಿ ತಪ್ಪೆನ್ನಲೂ ಆಗದು.