ರಾಮೇಶ್ವರನಲ್ಲಿ ಒಂದು ಅರಿಕೆ

ತುಂಗೆಯ ದಡದ ರಾಮೇಶ್ವರಾ, ಕುಪ್ಪಳ್ಳಿ ಕಡೆಯ ಮುದುಕ ಮುದುಕಿಯರ ಪರವಾಗಿ ನಿನ್ನೆದುರು ಕೈಮುಗಿದು ನಿಂತಿದ್ದೇನೆ. ನಿನ್ನನ್ನು ಇಲ್ಲಿ ಪ್ರತಿಷ್ಠೆ ಮಾಡಿದವನು ಪರಶುರಾಮ ಎಂದು ನಮ್ಮ ಹಿರಿಯರು ಹೇಳುತ್ತಾರೆ. ತಾಯಿ ರೇಣುಕೆಯ ಕತ್ತು ಕಡಿದ ಮೇಲೆ ಆತ ತಂದೆಯಲ್ಲಿ ಬೇಡಿದ ವರಗಳಲ್ಲಿ ಅವಳು ಎದ್ದು ಬರಲಿ ಎಂಬುದೊಂದು, ನಡೆದದ್ದು ಅವಳಿಗೆ ನೆನಪಿರದಿರಲಿ ಎಂಬುದು ಇನ್ನೊಂದು. ರೇಣುಕೆಗೆ ಮರೆವು ವರವಾಗಿ ಬಂತು. ಯಾರೂ ಬೇಡದ ಮರೆವೊಂದು ಈಗ ನಮ್ಮ ಮನೆಗಳಿಗೆ ಬರುತ್ತಿದೆ, ಸ್ವಾಮಿ.

ಮುಪ್ಪು ಬೇಡ ಎಂದು ನಾನು ಕೇಳುತ್ತಿಲ್ಲ. ವಯಸ್ಸಾದಂತೆ ಮಿದುಳು ಕೊಂಚ ಕುಗ್ಗುತ್ತದೆ, ನರಗಳ ನಡುವಿನ ಸುದ್ದಿ ನಿಧಾನವಾಗುತ್ತದೆ, ನೆಂಟರ ಹೆಸರು ನಾಲಿಗೆಯ ತುದಿಯಲ್ಲೇ ನಿಂತುಬಿಡುತ್ತದೆ. ಅದು ರೋಗವಲ್ಲ. ಕುಪ್ಪಳ್ಳಿಯ ಮನೆ, ಕಾಡು, ಬಾಲ್ಯವನ್ನೆಲ್ಲ ಕುವೆಂಪು ‘ನೆನಪಿನ ದೋಣಿಯಲ್ಲಿ’ ತುಂಬಿಕೊಟ್ಟರಲ್ಲ, ಅದು ಪ್ರಕಟವಾದದ್ದು 1980ರಲ್ಲಿ. ಆಗ ಅವರಿಗೆ ಎಪ್ಪತ್ತೈದು ದಾಟಿತ್ತು. ಅಂಥ ಮುಪ್ಪು ಬಂದರೆ ಬರಲಿ.

ನಾನು ಅಂಜುವುದು ನಮ್ಮ ದೊಡ್ಡಮ್ಮನ ಮರೆವಿಗೆ. ಉಂಡು ಕೈತೊಳೆದ ಮೇಲೂ ಊಟ ಹಾಕಲಿಲ್ಲವೆಂದು ಅಳುತ್ತಾರೆ. ಹುಟ್ಟಿದಾಗಿನಿಂದ ತಿರುಗಾಡಿದ ಮನೆಯಲ್ಲೇ ಬಚ್ಚಲು ಯಾವ ಕಡೆ ಎಂದು ಕೇಳುತ್ತಾರೆ. ಆದರೆ ಅಡಿಕೆ ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂರಿಸಿದರೆ ಕೈ ತಾನಾಗಿ ಸುಲಿಯುತ್ತದೆ. ಹಸಿ ಅಡಿಕೆ ಅಲಗಿಗೆ ತಾಗುತ್ತದೆ, ಒಂದು ತಿರುವು, ಸಿಪ್ಪೆ ಅತ್ತ, ಅಡಿಕೆ ಇತ್ತ. ಬೆರಳಿಗೆ ಗೀರು ಕೂಡ ಇಲ್ಲ. ಹೊಸದನ್ನು ಹಿಡಿದಿಡುವ ಹಿಪೊಕ್ಯಾಂಪಸ್ ಮೊದಲು ಸವೆಯುತ್ತದೆ, ಕೈಗೆ ರೂಢಿಯಾದ ಕೆಲಸದ ನೆನಪು ಮಿದುಳಿನ ಬೇರೆ ಕಡೆ ಇದ್ದು ಬಹುಕಾಲ ಉಳಿಯುತ್ತದೆ ಎನ್ನುತ್ತಾರೆ ವೈದ್ಯರು. 1906ರಲ್ಲಿ ಜರ್ಮನಿಯ ಅಲೋಯಿಸ್ ಆಲ್ಜೈಮರ್ ವಿವರಿಸಿದ ರೋಗ ಇದೇ. ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಸುಮಾರು 88 ಲಕ್ಷ ಜನಕ್ಕೆ ಇಂಥ ಮರೆವಿನ ಕಾಯಿಲೆ, ಡಿಮೆನ್ಷಿಯಾ, ಇದೆಯೆಂದು 2023ರಲ್ಲಿ ಬಂದ ಅಂದಾಜು. ಅರಳುಮರಳು ಎಂದು ಸುಮ್ಮನಾಗದ ಬುದ್ಧಿಯನ್ನು ಮಕ್ಕಳಿಗೆ ಕೊಡು ತಂದೆ. ಬಿ12 ಕೊರತೆಯಿಂದಲೋ ಥೈರಾಯ್ಡ್‌ನಿಂದಲೋ ಮನಸ್ಸಿನ ಕುಗ್ಗಿನಿಂದಲೋ ಬಂದ ಮರೆವಾದರೆ ಮದ್ದಿಗೆ ಬಗ್ಗಬಹುದು. ತೋರಿಸದೆ ಅದು ತಿಳಿಯುವುದು ಹೇಗೆ? ಕಿವಿ ಕೇಳದ ಅಜ್ಜನಿಗೆ ಯಂತ್ರ ಕೊಡಿಸುವುದು, ಬಿಪಿ, ಸಕ್ಕರೆ ಹದ್ದುಬಸ್ತಿನಲ್ಲಿಡುವುದು, ಇವು ಕೂಡ ಮಿದುಳು ಕಾಯುವ ಕೆಲಸವೇ ಎಂದು ಅವರಿಗೆ ಹೊಳೆಯಿಸು.

ಪಾರ್ಕಿನ್ಸನ್ ರೋಗದಿಂದ ಕೈ ನಡುಗುವವರನ್ನೂ ನೋಡು. ಅವರಿಗೆ ಎಲ್ಲವೂ ನೆನಪಿದೆ, ಮೈ ಮಾತು ಕೇಳುವುದಿಲ್ಲ. ನಡುಕ ಕಾಣಿಸುವ ಹೊತ್ತಿಗೆ ಮಿದುಳಿನ ಆಳದಲ್ಲಿ ಡೋಪಮೈನ್ ಒದಗಿಸುವ ಕೋಶಗಳಲ್ಲಿ ಸುಮಾರು ಅರ್ಧ ಹೋಗಿರುತ್ತವೆ. ಎಷ್ಟೋ ವರ್ಷ ಮೊದಲೇ ವಾಸನೆ ಹೋಗಿರಬಹುದು; ಅಪ್ಪೆಮಿಡಿಯ ಸೊನೆ ಮೂಗಿಗೆ ತಿಳಿಯುತ್ತಿಲ್ಲ ಎಂದು ಹಿರಿಯರು ಅಂದರೆ ಯಾರಾದರೂ ಕಿವಿಗೊಡಲಿ. ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿಯ ಬೀಜದಲ್ಲೇ ಈ ರೋಗದ ಮದ್ದು ಲೆವೊಡೋಪ ಇದೆ. ಅದನ್ನು ನಾವೇ ಕುಟ್ಟಿ ಕುಡಿಯದೆ, ಅಳತೆ ಬಲ್ಲವರ ಕೈಯಿಂದ ಪಡೆಯುವಂತೆ ಮಾಡು.

ಲಕ್ವದ ವಿಷಯದಲ್ಲಿ ಮಾತ್ರ ಹಟ ಹಿಡಿದು ಬೇಡುತ್ತೇನೆ. ಬಾಯಿ ಸೊಟ್ಟಗಾಗಿ, ಒಂದು ಕೈ ಜೋತು, ಮಾತು ತೊದಲಿದ ಗಳಿಗೆಯಿಂದ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ ನಾಲ್ಕೂವರೆ ಗಂಟೆ, ಅದೂ ಸ್ಕ್ಯಾನ್ ಆಗಿ ರಕ್ತಸ್ರಾವವಲ್ಲ ಎಂದು ಖಾತ್ರಿಯಾದ ಮೇಲೆ. ನಮ್ಮವೋ ತೋಟದಾಚೆಯ ಒಂಟಿ ಮನೆಗಳು. ಅತ್ತ ಆಗುಂಬೆ ಘಾಟಿ ಇಳಿದು ಮಣಿಪಾಲ, ಇತ್ತ ಶಿವಮೊಗ್ಗ. ಮಳೆಗಾಲದಲ್ಲಿ ದಾರಿಗೆ ಮರ ಬೀಳುತ್ತದೆ. ಎಣ್ಣೆ ತಿಕ್ಕುತ್ತ ಬೆಳಗಾಗಲಿ ಎಂದು ಕಾಯದೆ ಆ ಕ್ಷಣವೇ 108ಕ್ಕೆ ಫೋನ್ ಮಾಡುವ ಧೈರ್ಯ ಕೊಡು. ಫೋನಿಗೆ ಸಿಗ್ನಲ್ ಕೊಡುವ ಹೊಣೆ ಆಳುವವರದು. ಅವರ ಎದೆಗೂ ಇದನ್ನು ಮುಟ್ಟಿಸು.

ಕೊನೆಗೆ, ದೊಡ್ಡಮ್ಮನ ಸೊಸೆ, ನಮ್ಮ ಅತ್ತಿಗೆ. ರಾತ್ರಿ ಬಾಗಿಲ ಚಿಲಕ ಸದ್ದಾದರೆ ಎದ್ದು ಓಡುತ್ತಾಳೆ. ತವರಿಗೆ ಹೋಗುವ ಮಾತನ್ನೇ ಬಿಟ್ಟಿದ್ದಾಳೆ. ಅವಳಿಗೆ ಇನ್ನಷ್ಟು ಸಹನೆ ಕೊಡು ಎಂದು ನಾನು ಬೇಡುವುದಿಲ್ಲ, ಅದು ಅವಳಲ್ಲಿ ಬೇಕಾದಷ್ಟಿದೆ. ತಿಂಗಳಿಗೆ ಎರಡು ದಿನ ಅವಳ ಜಾಗದಲ್ಲಿ ಕೂತು, ಸ್ನಾನ ಮಾಡಿಸಿ, ಉಣ್ಣಿಸಿ, ಬೈಗುಳ ತಿನ್ನಲು ನಮ್ಮ ಅಣ್ಣನಿಗೂ ನನಗೂ ಮನಸ್ಸು ಕೊಡು.